ಲಾಟೀನಿಗೊಂದು ಮರೆ

ಆಷಾಢದ ಮಳೆ ಹಿಡಿದಿತೆಂದರೆ ಹರಿಹರಪುರದ ಸುತ್ತಣ ಅಡಿಕೆ ತೋಟಗಳಲ್ಲಿ ಜನರ ಕಣ್ಣೆಲ್ಲ ಆಕಾಶದ ಕಡೆಗೇ. ತುಂಗೆಯ ಮೇಲಣ ಮೋಡ ತುಸು ಸರಿದು ಎರಡು ಗಳಿಗೆ ಹೊಳವಾದರೆ ಸಾಕು, ಮೈಲುತುತ್ತವನ್ನೂ ಸುಣ್ಣವನ್ನೂ ಬೆರೆಸಿದ ಬೋರ್ಡೋ ದ್ರಾವಣ ತೋಟಕ್ಕಿಳಿಯುತ್ತದೆ. ಕೊನೆಗಾರನು ಜಾರುವ ಮರವನ್ನೇರಿ, ಕೊಳವೆಯ ಬಾಯನ್ನು ಅತ್ತಿತ್ತ ತಿರುಗಿಸಿ, ಕೊನೆಯ ಮೇಲುಮೈಗೂ ಒಳಮೈಗೂ ದ್ರಾವಣ ತಾಗುವಂತೆ ಹೊಡೆಯುತ್ತಾನೆ. ಕೊಳೆರೋಗ ಬರುವುದು ಕೊನೆಗೆ; ಔಷಧಿ ಬೀಳಬೇಕಾದುದೂ ಅಲ್ಲಿಗೇ. ಕೈ ಸ್ವಲ್ಪ ದಿಕ್ಕು ತಪ್ಪಿದರೆ ದ್ರಾವಣವು ಗರಿಗೋ ನೆಲಕ್ಕೋ ಸಂದು, ಒದ್ದೆಯಾಗದೆ ಉಳಿದ ಒಂದೇ ಮಗ್ಗುಲಿನಿಂದ ಕೊಳೆ ಮತ್ತೆ ಹಬ್ಬುತ್ತದೆ.

ರೋಗವಿದ್ದ ಕಡೆಗೆ ಸಾಕಷ್ಟು ಬೀಳಬೇಕು, ನೆರೆಗೆ ಸೋಕಬಾರದು ಎಂಬ ಈ ತೋಟದ ಲೆಕ್ಕವೇ ಆಸ್ಪತ್ರೆಯ ಒಂದು ಕೋಣೆಯಲ್ಲಿ ಮಿಲಿಮೀಟರಿನ ಅಳತೆಗೆ ಇಳಿದಿದೆ. ಅಲ್ಲಿ ರೋಗವೆಂದರೆ ಗರ್ಭಕೋಶದ ಬಾಯಿಗೆ, ಎಂದರೆ ಗರ್ಭಕಂಠಕ್ಕೆ ಬರುವ ಕ್ಯಾನ್ಸರು. ಔಷಧಿಯೆಂದರೆ ವಿಕಿರಣ. ನೆರೆಯವರು ಮೂವರು: ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲ್ಗಡೆ ಕರುಳಿನ ಸುರುಳಿ. ಇವರೆಲ್ಲರೂ ಒಂದು ಅಂಗೈಯಗಲದ ಜಾಗದಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡೇ ಇದ್ದಾರೆ.

ಭಾರತದಲ್ಲಿ ೨೦೨೨ನೆಯ ಒಂದೇ ವರ್ಷದಲ್ಲಿ ಸುಮಾರು ೧ ಲಕ್ಷ ೨೭ ಸಾವಿರ ಹೆಂಗಸರಿಗೆ ಈ ರೋಗ ಹೊಸದಾಗಿ ತಗುಲಿತೆಂದೂ ಸುಮಾರು ೮೦ ಸಾವಿರ ಮಂದಿ ತೀರಿಕೊಂಡರೆಂದೂ ಜಾಗತಿಕ ಅಂದಾಜು ಹೇಳುತ್ತದೆ. ಬೇನೆಯ ಮೂಲ ಒಂದು ವೈರಸ್ಸು. ಅದರ ಮುಖ್ಯ ಬಗೆಯೊಂದನ್ನು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರ ತಂಡ ೧೯೮೩ರಲ್ಲಿ ಗುರುತಿಸಿತು. ಆತನಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಲಸಿಕೆಯಿದೆ; ರೋಗ ಮೊಳೆಯುವ ಮೊದಲೇ ಹಿಡಿಯುವ ತಪಾಸಣೆಗಳೂ ಇವೆ. ಅವೆರಡೂ ಕೈತಪ್ಪಿದ ಮೇಲೆ ಉಳಿಯುವ ಹಾದಿಯ ಮಾತು ಇಲ್ಲಿಯದು.

ಹರಿಹರಪುರದ ಕಡೆಯ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಐವತ್ತರ ಹತ್ತಿರ. ಮುಟ್ಟು ನಿಂತು ಎರಡು ವರ್ಷವಾದ ಮೇಲೆ ಶ್ರಾವಣದಲ್ಲಿ ಒಂದು ದಿನ ರಕ್ತದ ಕಲೆ ಕಾಣಿಸಿತು. ಯಾರೊಡನೆ ಹೇಳುವುದು? ಗಂಡನೊಡನೆ ಸಂಕೋಚ, ಮಗನೊಡನೆ ಮಾತೇ ಇಲ್ಲ. ಗೌರಿಹಬ್ಬಕ್ಕೆ ಬಂದ ತಂಗಿಯೊಡನೆ ಬಚ್ಚಲ ಬಳಿ ಪಿಸುಮಾತಿನಲ್ಲಿ ಹೇಳಿದ್ದಾಯಿತು. "ಅಕ್ಕಾ, ಇದನ್ನು ಇಟ್ಟುಕೊಂಡು ಕೂರುವುದಲ್ಲ," ಎಂದು ಆಕೆ ಹಟ ಹಿಡಿದುದರಿಂದ ಕೊಪ್ಪದ ಆಸ್ಪತ್ರೆ, ಅಲ್ಲಿಂದ ಆಗುಂಬೆಯ ಘಾಟಿ ಇಳಿದು ಸೋಮೇಶ್ವರ, ಹೆಬ್ರಿಯ ಮೇಲಾಗಿ ಮಣಿಪಾಲ. ಮಲೆನಾಡಿನ ಈ ಮೂಲೆಯವರಿಗೆ ದೊಡ್ಡಾಸ್ಪತ್ರೆಯೆಂದರೆ ಘಾಟಿಯ ಕೆಳಗಿನ ಮಣಿಪಾಲ, ಇಲ್ಲವೆ ಬೆಂಗಳೂರಿನ ಕಿದ್ವಾಯಿ. ಕ್ಯಾನ್ಸರಿಗೆಂದೇ ೧೯೭೩ರಲ್ಲಿ ಹುಟ್ಟಿದ ಈ ಎರಡನೆಯ ಸಂಸ್ಥೆ ಕರ್ನಾಟಕದ ಬಡವರ ಬಾಯಲ್ಲಿ ರೋಗದ ಹೆಸರೇ ಆಗಿಬಿಟ್ಟಿದೆ. "ಕಿದ್ವಾಯಿಗೆ ಹೋಗಿದ್ದಾರೆ" ಎಂದರೆ ಮುಂದೆ ವಿವರ ಬೇಕಿಲ್ಲ.

ಪರೀಕ್ಷೆಯಾಯಿತು. ಗಂತಿ ಗರ್ಭಕಂಠವನ್ನು ದಾಟಿ ಎಡಮಗ್ಗುಲಿನ ಮೆತ್ತನೆಯ ಅಂಗಾಂಶಕ್ಕೆ ಕೈಚಾಚಿದೆ, ಬಲಮಗ್ಗುಲು ಬಿಡುವಾಗಿದೆ. ಶಸ್ತ್ರಚಿಕಿತ್ಸೆಯ ಕಾಲ ಮೀರಿತು, ವಿಕಿರಣವೇ ಗತಿ. ಐದು ವಾರ, ವಾರಕ್ಕೆ ಐದು ದಿನ, ಹೊರಗಿನಿಂದ ಯಂತ್ರದ ಕಿರಣ. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿ. ನಮ್ಮ ಜನ ಇದನ್ನು "ಕರೆಂಟು ಕೊಡುವುದು" ಎನ್ನುತ್ತಾರೆ. ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲವೆಂದು ತಿದ್ದಹೊರಟವರು ಸೋತಿದ್ದಾರೆ, ಮಾತು ನೆಲೆಯೂರಿದೆ.

ಕಥೆಯ ಅಪಾಯಕಾರಿಯಾದ ತಿರುವು ಇಲ್ಲಿಯೇ. ನಾಲ್ಕನೆಯ ವಾರದ ಹೊತ್ತಿಗೆ ರಕ್ತ ನಿಲ್ಲುತ್ತದೆ, ನೋವು ಇಳಿಯುತ್ತದೆ, ಮುಖದಲ್ಲಿ ಗೆಲುವು ಕಾಣುತ್ತದೆ. ಊರಿನಲ್ಲಿ ಕೊನೆಕೊಯ್ಲು ಕಾದಿದೆ.

"ಡಾಕ್ಟ್ರೇ, ಈಗ ಗುಣವಾದಂತೆಯೇ ಅಲ್ಲವೆ? ಕೊಯ್ಲು ಮುಗಿಸಿಕೊಂಡು ಒಳಗಿನ ಕರೆಂಟಿಗೆ ಬಂದರೆ ಆಗದೆ?" ಎಂದು ಯಜಮಾನರು ಕೇಳುತ್ತಾರೆ.

"ಆಗದು ಯಜಮಾನರೆ. ಇಲ್ಲಿಯವರೆಗೆ ಕೊಟ್ಟದ್ದು ಅರ್ಧ. ರೋಗವನ್ನು ಕೊಲ್ಲುವ ಪೆಟ್ಟು ಇನ್ನು ಮೇಲಿದೆ."

ವೈದ್ಯರ ಆ ಉತ್ತರ ಬೆದರಿಕೆಯಲ್ಲ, ಲೆಕ್ಕ. ವಿಕಿರಣದ ಅಳತೆಗೆ ಗ್ರೇ ಎಂದು ಹೆಸರು, ಇಂಗ್ಲೆಂಡಿನ ವಿಜ್ಞಾನಿ ಲೂಯಿ ಹೆರಾಲ್ಡ್ ಗ್ರೇಯ ನೆನಪಿಗೆ. ಹೊರಗಿನಿಂದ ೨೫ ಸರದಿಗಳಲ್ಲಿ ಕೊಡುವುದು ಸಾಮಾನ್ಯವಾಗಿ ೪೫ ಗ್ರೇ. ಗರ್ಭಕಂಠದ ಗಂತಿಯನ್ನು ನಿರ್ಮೂಲ ಮಾಡಲು ಬೇಕಾದುದು ೮೫ ಅಥವಾ ಅದಕ್ಕೂ ಮಿಗಿಲು. ಉಳಿದ ೪೦ನ್ನೂ ಹೊರಗಿನಿಂದಲೇ ಕೊಡೋಣವೆಂದರೆ ಕಿರಣ ಮೂತ್ರಕೋಶವನ್ನೂ ಕರುಳನ್ನೂ ಹಾದೇ ಹೋಗಬೇಕು. ಅವುಗಳ ಸಹನೆ ಅಷ್ಟು ದೂರ ಬಾರದು. ಆದುದರಿಂದ ವಿಕಿರಣದ ಮೂಲವನ್ನೇ ಒಳಗೆ, ಗಂತಿಯ ನಡುವಿಗೆ ಒಯ್ಯುವುದು. ಇದೇ ಒಳವಿಕಿರಣ, ವೈದ್ಯರ ಮಾತಿನಲ್ಲಿ ಬ್ರಾಕಿಥೆರಪಿ. ಗ್ರೀಕ್ ಭಾಷೆಯ 'ಬ್ರಾಕಿ' ಎಂದರೆ ಗಿಡ್ಡ, ಹ್ರಸ್ವ. ಗಿಡ್ಡ ದೂರದಿಂದ ಮಾಡುವ ಚಿಕಿತ್ಸೆ. ಒಮ್ಮೆಗೆ ೭ ಗ್ರೇಯಂತೆ ನಾಲ್ಕು ಸಲ ಕೊಡುವುದು ಒಂದು ರೂಢಿಯ ಕ್ರಮ. ಕೂಡಿದರೆ ೨೮ ತಾನೆ, ೪೦ ಎಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಒಂದೇ ಬಾರಿಗೆ ಬಿದ್ದ ೭ರ ಪೆಟ್ಟು, ದಿನಕ್ಕೆರಡೆರಡಾಗಿ ಬಿದ್ದ ೭ಕ್ಕಿಂತ ಬಲವಾದುದು. ಆ ಬಲವನ್ನು ಗಣಿಸಿ ಸಮಗೊಳಿಸಿದರೆ ೨೮ ಎಂಬುದು ಗಂತಿಯ ಪಾಲಿಗೆ ೪೦ರಷ್ಟಾಗುತ್ತದೆ.

ಇದನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕೆಯಿಂದ ೨೦೧೩ರಲ್ಲಿ ಬಂದ ಒಂದು ಅಧ್ಯಯನವೇ ಸಾಕ್ಷಿ. ಅಲ್ಲಿ ೧೯೮೮ರಲ್ಲಿ ನೂರಕ್ಕೆ ೮೩ ರೋಗಿಗಳಿಗೆ ಒಳವಿಕಿರಣ ದೊರೆಯುತ್ತಿದ್ದುದು ೨೦೦೯ರ ಹೊತ್ತಿಗೆ ೫೮ಕ್ಕೆ ಇಳಿದಿತ್ತು. ಹೊಸ ಹೊರಯಂತ್ರಗಳ ಥಳಕು ಇದಕ್ಕೆ ಒಂದು ಕಾರಣವೆಂದು ತೋರುತ್ತದೆ. ಒಳವಿಕಿರಣ ಪಡೆದವರಲ್ಲಿ ನಾಲ್ಕು ವರ್ಷಗಳ ಬಳಿಕ ಈ ರೋಗಕ್ಕೆ ಬಲಿಯಾಗದೆ ಉಳಿದವರು ನೂರಕ್ಕೆ ೬೪. ಪಡೆಯದವರಲ್ಲಿ ೫೧ರ ಆಸುಪಾಸು. ಹಣವೂ ವಿದ್ಯೆಯೂ ಇದ್ದ ನಾಡಿನ ಗತಿ ಹೀಗಾದರೆ, ಘಾಟಿ ಇಳಿದು ಬರುವವರ ಮಾತೇನು?

ಇನ್ನು ಆ ಗಿಡ್ಡ ದೂರದ ಗುಟ್ಟಿಗೆ ಬರೋಣ. ಮನೆಯ ಜಗುಲಿಯ ನಡುವೆ ಒಂದು ಲಾಟೀನು ಹಚ್ಚಿಟ್ಟಿದೆಯೆಂದುಕೊಳ್ಳಿ. ಒಂದು ಮೊಳ ದೂರದಲ್ಲಿ ಕುಳಿತವನಿಗೆ ಪುಸ್ತಕದ ಅಕ್ಷರ ಸ್ಪಷ್ಟ. ಎರಡು ಮೊಳ ದೂರ ಸರಿದರೆ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಮೂರು ಮೊಳಕ್ಕೆ ಒಂಬತ್ತರಲ್ಲೊಂದು ಪಾಲು. ವಿಕಿರಣವೂ ಈ ನಿಯಮಕ್ಕೆ ಸುಮಾರಾಗಿ ಬದ್ಧ. ಗಂತಿಯ ನಡುವೆ ಮೂಲವನ್ನಿಟ್ಟರೆ ಗಂತಿಗೆ ಉರಿ, ಎರಡು ಬೆರಳು ಆಚೆಯ ಅಂಗಕ್ಕೆ ಬರಿಯ ಬಿಸಿ. ಹೊರಗಿನ ಯಾವ ಯಂತ್ರಕ್ಕೂ ಇಷ್ಟು ಕಡಿದಾದ ಇಳಿಜಾರು ಸಾಧ್ಯವಿಲ್ಲ.

ಈ ಉಪಾಯ ಹಳೆಯದು. ಕ್ಯೂರಿ ದಂಪತಿಗಳು ರೇಡಿಯಂ ಕಂಡುಹಿಡಿದುದು ೧೮೯೮ರಲ್ಲಿ. ಐದೇ ವರ್ಷಗಳಲ್ಲಿ, ೧೯೦೩ರಲ್ಲಿ, ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ಅದನ್ನು ಗರ್ಭಕಂಠದ ಕ್ಯಾನ್ಸರಿಗೆ ಬಳಸಿದ ವರದಿಯನ್ನು ಪ್ರಕಟಿಸಿದಳು. ಬಳಿಕ ಸ್ಟಾಕ್‌ಹೋಮ್, ಪ್ಯಾರಿಸ್‌ಗಳಲ್ಲಿ ಪದ್ಧತಿಗಳು ಬೆಳೆದವು. ೧೯೩೮ರಲ್ಲಿ ಮ್ಯಾಂಚೆಸ್ಟರಿನ ಮಾರ್ಗರೆಟ್ ಟಾಡ್ ಮತ್ತು ಮೆರೆಡಿತ್ ಎಂಬಿಬ್ಬರು ಒಂದು ಬಿಂದುವನ್ನು ಗುರುತಿಸಿ ಅದನ್ನು 'ಎ' ಬಿಂದುವೆಂದು ಕರೆದರು: ಯೋನಿಯ ಮೇಲ್ತುದಿಯ ಮೂಲೆಯಿಂದ ೨ ಸೆಂಟಿಮೀಟರ್ ಮೇಲೆ, ಗರ್ಭಕಂಠದ ನಡುಗಾಲುವೆಯಿಂದ ೨ ಸೆಂಟಿಮೀಟರ್ ಪಕ್ಕಕ್ಕೆ. ಆ ಬಿಂದುವಿಗೆ ಇಷ್ಟು ಬಿದ್ದರೆ ಸರಿ ಎಂಬುದು ಲೆಕ್ಕ. ಮೂಲದ ಸುತ್ತ ವಿಕಿರಣ ಹರಡುವ ಆಕಾರ ಮರಸೇಬಿನ ಹಣ್ಣಿನಂತೆ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಪೂರ. ಲಕ್ಷಾಂತರ ಹೆಂಗಸರು ಈ ಮರಸೇಬಿನ ಪುಣ್ಯದಿಂದ ಬದುಕಿದ್ದಾರೆ. ಅದನ್ನು ಹಳತೆಂದು ಹಳಿಯಲಾಗದು.

ಕೊರತೆಯೆಂದರೆ, ಅಂದಿನವರಿಗೆ ಗಂತಿ ಕಾಣುತ್ತಿರಲಿಲ್ಲ. ಕ್ಷಕಿರಣದ ಚಿತ್ರದಲ್ಲಿ ಕಾಣುವುದು ಮೂಳೆ ಮತ್ತು ಲೋಹ. ಬಿಂದುವಿನ ಸ್ಥಾನ ಲೋಹದ ಕೊಳವೆಯಿಂದ ಅಳೆದದ್ದು, ರೋಗದಿಂದ ಅಳೆದದ್ದಲ್ಲ. ಸಣ್ಣ ಗಂತಿಯುಳ್ಳವಳಿಗೂ ದೊಡ್ಡ ಗಂತಿಯುಳ್ಳವಳಿಗೂ ಒಂದೇ ಮರಸೇಬು. ಎಲ್ಲರಿಗೂ ಒಂದೇ ಅಳತೆಯ ರವಿಕೆ ಹೊಲಿದಂತೆ. ಎಂಆರ್‌ಐ ಚಿತ್ರ ಬಂದ ಮೇಲೆ ಗಂತಿಯ ಅಂಚು ಕಣ್ಣಿಗೆ ಬಿತ್ತು. ೨೦೦೫ ಮತ್ತು ೨೦೦೬ರಲ್ಲಿ ಯೂರೋಪಿನ ವೈದ್ಯರ ಕೂಟವೊಂದು, ಬಿಂದುವನ್ನು ಬಿಟ್ಟು ಗಂತಿಯ ಗಾತ್ರವನ್ನೇ ಹಿಡಿದು ಯೋಜನೆ ಬರೆಯುವ ನಿಯಮಗಳನ್ನು ಹೊರತಂದಿತು. ಈ ದಾರಿಯಲ್ಲಿ ನಡೆದ ೧೩೪೧ ರೋಗಿಗಳ ಅಧ್ಯಯನ ೨೦೨೧ರಲ್ಲಿ ಪ್ರಕಟವಾಯಿತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯೂ ಅದರಲ್ಲಿ ಪಾಲುಗೊಂಡಿತ್ತು. ಐದು ವರ್ಷಗಳ ಕೊನೆಗೆ ನೂರಕ್ಕೆ ೯೨ ಮಂದಿಯಲ್ಲಿ ಗಂತಿ ಅದೇ ಸ್ಥಳದಲ್ಲಿ ಮರುಕಳಿಸಿರಲಿಲ್ಲ.

ಒಳವಿಕಿರಣದ ಆ ಒಂದು ದಿನವನ್ನು ಕುರಿತು ಹೆಂಗಸರಲ್ಲಿ ಇರುವ ಭಯಕ್ಕೆ ಮುಖ್ಯ ಕಾರಣ, ಏನಾಗುತ್ತದೆಂದು ಯಾರೂ ಬಾಯಿಬಿಟ್ಟು ಹೇಳದಿರುವುದು. ಆದುದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿಯೇ ಹೇಳುವುದು ಲೇಸು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಆಕೆಯನ್ನು ಒಳಗೆ ಕರೆದೊಯ್ಯುತ್ತಾರೆ. ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆಯ ಸೂಜಿ. ಸೊಂಟದ ಕೆಳಗೆ ನೋವು ತಿಳಿಯದು. ಗರ್ಭಕೋಶದೊಳಕ್ಕೆ ಒಂದು ಸಪೂರ ಕೊಳವೆ, ಗರ್ಭಕಂಠದ ಎರಡು ಮಗ್ಗುಲಿಗೆ ಮೊಟ್ಟೆಯಾಕಾರದ ಎರಡು ಗುಂಡುಗಳು ಅಥವಾ ಒಂದು ಉಂಗುರ. ಎಲ್ಲವೂ ಟೊಳ್ಳು, ಇನ್ನೂ ವಿಕಿರಣವಿಲ್ಲ. ಗುದನಾಳವನ್ನೂ ಮೂತ್ರಕೋಶವನ್ನೂ ದೂರ ತಳ್ಳಲು ಗಾಜುಬಟ್ಟೆಯನ್ನು ಬಿಗಿಯಾಗಿ ತುಂಬುತ್ತಾರೆ. ಹೀಗೆ ಬಟ್ಟೆ ತುಂಬಿ ಗಳಿಸಿದ ಒಂದೆರಡು ಮಿಲಿಮೀಟರಿನ ಬೆಲೆ, ಯಂತ್ರಕ್ಕೆ ಸುರಿದ ಕೋಟಿ ರೂಪಾಯಿಗಿಂತ ಕಡಿಮೆಯದಲ್ಲವೆಂದು ಬಲ್ಲವರು ಒಪ್ಪಿಯಾರು. ಕೊಳವೆಗಳು ಇದ್ದಂತೆಯೇ ಎಂಆರ್‌ಐ ಅಥವಾ ಸಿಟಿ ಚಿತ್ರ ತೆಗೆಯುತ್ತಾರೆ. ಅಲ್ಲಿಂದ ಮುಂದೆ ಆಕೆ ಅಲುಗಾಡದೆ ಮಲಗಿರಬೇಕು. ಪಕ್ಕದ ಕೋಣೆಯಲ್ಲಿ ಯೋಜನೆಯ ಕೆಲಸ ಆರಂಭ.

ವೈದ್ಯರು ಚಿತ್ರದ ಪುಟಪುಟದಲ್ಲಿಯೂ ಗಂತಿಯ ಅಂಚನ್ನು, ಮೂತ್ರಕೋಶವನ್ನು, ಗುದನಾಳವನ್ನು, ಕರುಳನ್ನು ಗೆರೆಯೆಳೆದು ತೋರಿಸುತ್ತಾರೆ. ಭೌತವಿಜ್ಞಾನಿಯು ಕೊಳವೆಯ ಹಾದಿಯನ್ನು ಗುರುತಿಸುತ್ತಾನೆ. ಇಂದು ರೇಡಿಯಂ ಇಲ್ಲ. ಹಲವೆಡೆ ಇರಿಡಿಯಂ, ಕೆಲವೆಡೆ ಕೋಬಾಲ್ಟ್. ಅಕ್ಕಿಕಾಳಿಗಿಂತ ಸಣ್ಣದಾದ, ಒಂದು ಮಿಲಿಮೀಟರಿಗಿಂತಲೂ ತೆಳುವಾದ ಕಣವೊಂದು ತಂತಿಯ ತುದಿಗೆ ಬೆಸೆದುಕೊಂಡು ತಿಜೋರಿಯಲ್ಲಿ ಕುಳಿತಿದೆ. ಅದನ್ನು ಕೊಳವೆಯೊಳಗೆ ಕಳುಹಿಸಿ, ಎರಡೂವರೆ ಅಥವಾ ಐದು ಮಿಲಿಮೀಟರಿಗೊಂದರಂತೆ ನಿಲ್ದಾಣಗಳಲ್ಲಿ ನಿಲ್ಲಿಸುತ್ತ ಬರುತ್ತಾರೆ. ಯಾವ ನಿಲ್ದಾಣದಲ್ಲಿ ಎಷ್ಟು ಸೆಕೆಂಡು? ಯೋಜನೆಯೆಂದರೆ ಈ ಸೆಕೆಂಡುಗಳ ಪಟ್ಟಿ.

ಪಟ್ಟಿಗೆ ಎರಡು ಕಟ್ಟಳೆ. ಗಂತಿಯ ನೂರರಲ್ಲಿ ತೊಂಬತ್ತು ಪಾಲಿಗಾದರೂ ಒಟ್ಟು ೮೫ ಗ್ರೇ ಮುಟ್ಟಬೇಕು. ಅತ್ತ ಮೂತ್ರಕೋಶದಲ್ಲಿ ಅತಿ ಹೆಚ್ಚು ಬಿಸಿ ತಾಗುವ ೨ ಘನ ಸೆಂಟಿಮೀಟರ್, ಎಂದರೆ ಒಂದು ಗೋಲಿಯಷ್ಟು ಜಾಗವೂ ೯೦ನ್ನು ದಾಟಬಾರದು, ಗುದನಾಳದ್ದು ೭೫ನ್ನು. ದಾಟಿದರೆ ಕೂಡಲೆ ಏನೂ ಕಾಣದು. ಒಂದು ಎರಡು ವರ್ಷ ಕಳೆದ ಮೇಲೆ ಮಲದಲ್ಲಿ ರಕ್ತ, ಮೂತ್ರದಲ್ಲಿ ರಕ್ತ. ಕೆಟ್ಟರೆ ಎರಡು ಅಂಗಗಳ ನಡುವೆ ರಂಧ್ರ ಬಿದ್ದು ಮೂತ್ರ ಸದಾ ಸೋರುವ ಬದುಕು. ಕ್ಯಾನ್ಸರಿನಿಂದ ಬದುಕುಳಿದು, ಬಟ್ಟೆಯ ವಾಸನೆಗೆ ಹೆದರಿ ದೇವಸ್ಥಾನಕ್ಕೂ ಮದುವೆಮನೆಗೂ ಹೋಗದೆ ಕುಳಿತವರಿದ್ದಾರೆ. ಆ ಪಟ್ಟಿಯ ಸೆಕೆಂಡುಗಳು ನಿರ್ಧರಿಸುವುದು ಇದನ್ನು.

ಈಗ ಹರಿಹರಪುರದ ನಮ್ಮ ಗೃಹಿಣಿಯ ಚಿತ್ರಕ್ಕೆ ಮರಳೋಣ. ಗಂತಿ ಎಡಕ್ಕೆ ಬೆಳೆದಿದೆಯಷ್ಟೆ? ಕೊಳವೆಯಿಂದ ಎಡ ಅಂಚಿಗೆ ಮೂರೂವರೆ ಸೆಂಟಿಮೀಟರ್. ಮುಂದುಗಡೆ ಮೂತ್ರಕೋಶ ಎರಡೇ ಸೆಂಟಿಮೀಟರ್ ದೂರದಲ್ಲಿ ಬಂದು ಕುಳಿತಿದೆ. ಲಾಟೀನಿನ ಲೆಕ್ಕ ಹಾಕಿದರೆ ಎರಡು ಸೆಂಟಿಮೀಟರಿಗೆ ಮುಟ್ಟುವುದರ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಆ ದೂರದ ಅಂಚಿಗೆ ಮುಟ್ಟೀತು. ಎಡ ಅಂಚಿಗೆ ಸಾಲಲಿ ಎಂದು ಸಮಯ ಹೆಚ್ಚಿಸಿದರೆ ಮೂತ್ರಕೋಶ ಬೇಯುತ್ತದೆ. ಮೂತ್ರಕೋಶ ಉಳಿಯಲಿ ಎಂದು ಕಡಿಮೆ ಮಾಡಿದರೆ ಎಡ ಅಂಚಿನ ಬೀಜ ಉಳಿಯುತ್ತದೆ. ಸೆಕೆಂಡುಗಳನ್ನು ಎಷ್ಟೇ ಹಿಂದುಮುಂದು ಮಾಡಿದರೂ ಮೇಲೆ ಕೆಳಗೆ ಆಕಾರ ಬದಲಾದೀತೇ ಹೊರತು ಸುತ್ತಲೂ ಒಂದೇ ಸಮ. ಲಾಟೀನಿಗೆ ಎಡವೂ ಇಲ್ಲ, ಬಲವೂ ಇಲ್ಲ.

ಈ ಬಿಕ್ಕಟ್ಟಿಗೆ ಇಂದು ಆಸ್ಪತ್ರೆಗಳಲ್ಲಿ ದೊರೆಯುವ ಉತ್ತರ ಸೂಜಿ. ಉಂಗುರದ ರಂಧ್ರಗಳ ಮೂಲಕ ಟೊಳ್ಳು ಸೂಜಿಗಳನ್ನು ಎಡಗಡೆಯ ಗಂತಿಯೊಳಕ್ಕೇ ಚುಚ್ಚಿ ಅವುಗಳಲ್ಲಿಯೂ ಕಣವನ್ನು ಓಡಾಡಿಸುವುದು. ಒಳ್ಳೆಯ ಉಪಾಯ, ಫಲವೂ ಕಂಡಿದೆ. ಆದರೆ ಅದಕ್ಕೆ ಪಳಗಿದ ಕೈ ಬೇಕು. ರಕ್ತಸ್ರಾವದ ಸಂಭವ ಉಂಟು. ಎಲ್ಲ ಊರುಗಳಲ್ಲಿಯೂ ಆ ಕೈ ಇಲ್ಲ.

ಇನ್ನೊಂದು ಉತ್ತರ ಸರಳವಾಗಿ ತೋರುತ್ತದೆ: ಲಾಟೀನಿಗೆ ಒಂದು ಕಡೆ ತಗಡಿನ ಮರೆ ಹಿಡಿಯುವುದು. ಹಸುಗೂಸು ಮಲಗಿದ ಕಡೆಗೆ ಬೆಳಕು ಬೀಳದಂತೆ ನಮ್ಮ ಅಜ್ಜಿಯರು ಮಾಡುತ್ತಿದ್ದುದೂ ಅದನ್ನೇ. ಈ ವಿಚಾರ ತೀರ ಹೊಸತೂ ಅಲ್ಲ. ೧೯೫೦ರ ದಶಕದಲ್ಲಿಯೇ ಅಮೆರಿಕೆಯ ಹ್ಯೂಸ್ಟನ್ನಿನ ಗಿಲ್ಬರ್ಟ್ ಫ್ಲೆಚರ್ ಎಂಬ ವೈದ್ಯ ಆ ಪಕ್ಕದ ಗುಂಡುಗಳಲ್ಲಿ ಲೋಹದ ಮರೆ ಕೂಡಿಸಿ ಮೂತ್ರಕೋಶ, ಗುದನಾಳಗಳನ್ನು ಕಾಯಲು ಯತ್ನಿಸಿದ್ದನು. ನಡುವಿನ ಕೊಳವೆಗೆ ಮಾತ್ರ ಮರೆ ಕೂಡಿಸುವುದು ಕಷ್ಟವಾಗಿತ್ತು. ಗರ್ಭಕೋಶದ ಬಾಯಿ ಅಷ್ಟು ಇಕ್ಕಟ್ಟು. ೨೦೧೪ರ ಸುಮಾರಿಗೆ ಅಮೆರಿಕೆಯ ಸಂಶೋಧಕರ ಒಂದು ತಂಡ ಇದಕ್ಕೊಂದು ವಿನ್ಯಾಸವನ್ನು ಮುಂದಿಟ್ಟಿತು. ಟೊಳ್ಳು ಕೊಳವೆಯ ಬದಲು ೫.೪ ಮಿಲಿಮೀಟರ್ ದಪ್ಪದ ಟಂಗ್‌ಸ್ಟನ್ ಮಿಶ್ರಲೋಹದ ಸರಳು. ಅದರ ಹೊರಮೈಯಲ್ಲಿ ಉದ್ದಕ್ಕೂ ಆರು ಸಣ್ಣ ಗಾಡಿಗಳು. ಮೇಲೆ ತೆಳುವಾದ ಪ್ಲಾಸ್ಟಿಕ್ಕಿನ ಹೊದಿಕೆ. ಟಂಗ್‌ಸ್ಟನ್ ಸೀಸಕ್ಕಿಂತಲೂ ಬಹಳ ಸಾಂದ್ರವಾದ ಲೋಹ. ಕಣವು ಎಡಗಡೆಯ ಗಾಡಿಯಲ್ಲಿ ನಿಂತರೆ ಎಡಕ್ಕೆ ಕಿರಣ ಧಾರಾಳ, ಸರಳಿನ ಹಿಂದಣ ಬಲಕ್ಕೆ ಬಹಳಷ್ಟು ತಗ್ಗು. ಪೂರ್ತಿ ಕತ್ತಲೆಯಲ್ಲ, ನೆರಳು. ಸರಳು ತಿರುಗಬೇಕಾಗಿಲ್ಲ, ಕಣವೇ ಆರು ಗಾಡಿಗಳಲ್ಲಿ ಬೇಕಾದುದನ್ನು ಹಿಡಿಯುತ್ತದೆ. ಸರಳನ್ನೇ ಒಳಗೆ ತಿರುಗಿಸುವ ಬೇರೊಂದು ಪಂಗಡದ ವಿನ್ಯಾಸವೂ ಉಂಟು. ಅದರ ವಿವರ ಇಲ್ಲಿ ಬೇಡ.

ಹೀಗೆ ಮೂಲಕ್ಕೆ ದಿಕ್ಕು ಬಂದೊಡನೆ ಯೋಜನೆ ಬರೆಯುವ ಕೆಲಸದ ಸ್ವರೂಪವೇ ಬದಲಾಗುತ್ತದೆ. ಆರು ಸೆಂಟಿಮೀಟರ್ ಉದ್ದದ ಹಳೆಯ ಕೊಳವೆಯಲ್ಲಿ ಐದು ಮಿಲಿಮೀಟರಿಗೊಂದರಂತೆ ಹನ್ನೆರಡು ನಿಲ್ದಾಣ. ಹೊಸ ಸರಳಿನಲ್ಲಿ ಅದರ ಆರರಷ್ಟು, ಎಪ್ಪತ್ತೆರಡು. ಪಕ್ಕದ ಗುಂಡುಗಳದು ಬೇರೆ. ಅನುಭವಿಯಾದ ಭೌತವಿಜ್ಞಾನಿ ಹನ್ನೆರಡು ನಿಲ್ದಾಣಗಳ ಸೆಕೆಂಡುಗಳನ್ನು ಕೈಯಿಂದಲೇ ತಿದ್ದಿ ಸರಿಪಡಿಸಬಲ್ಲ. ಎಪ್ಪತ್ತೆರಡನ್ನು ಮನುಷ್ಯಬುದ್ಧಿ ಹಿಡಿಯಲಾರದು. ಆದುದರಿಂದ ಗಣಕಯಂತ್ರಕ್ಕೆ ಲೆಕ್ಕವನ್ನು ತಲೆಕೆಳಗಾಗಿ ಒಪ್ಪಿಸುತ್ತಾರೆ. ಇಷ್ಟು ಸೆಕೆಂಡಿಗೆ ಎಷ್ಟು ವಿಕಿರಣ ಎಂದು ಕೇಳದೆ, ಗಂತಿಗೆ ಇಷ್ಟು ಬೇಕು, ಮೂತ್ರಕೋಶಕ್ಕೆ ಇಷ್ಟಕ್ಕಿಂತ ಬೇಡ, ಸೆಕೆಂಡುಗಳನ್ನು ನೀನೇ ಹುಡುಕು ಎನ್ನುತ್ತಾರೆ. ಗಂತಿಯ ಅಂಚಿಗೆ ಸಾಲದಾದರೆ ಇಷ್ಟು ದಂಡ, ಕರುಳಿಗೆ ಹೆಚ್ಚಾದರೆ ಇಷ್ಟು ದಂಡ ಎಂದು ಮೊದಲೇ ಕಟ್ಟಿಟ್ಟಿರುತ್ತಾರೆ. ಯಂತ್ರ ಸಾವಿರಾರು ಬಾರಿ ಪಟ್ಟಿಯನ್ನು ತಿದ್ದಿ ಒಟ್ಟು ದಂಡ ಅತಿ ಕಡಿಮೆಯಾಗುವಲ್ಲಿ ನಿಲ್ಲುತ್ತದೆ. ಹಳೆಯ ರೋಗಿಗಳ ಚಿತ್ರಗಳ ಮೇಲೆ ಹೀಗೆ ಯೋಜನೆಗಳನ್ನು ಬರೆದು ಹೋಲಿಸಿದಾಗ, ಗಂತಿಗೆ ಅಷ್ಟೇ ವಿಕಿರಣ ಮುಟ್ಟಿಯೂ ನೆರೆಯ ಅಂಗಗಳಿಗೆ ತಾಗುವುದು ಕಡಿಮೆಯಾದುದು ಕಂಡುಬಂದಿದೆ. ಗಂತಿ ಒಂದು ಕಡೆಗೆ ವಾಲಿದಷ್ಟೂ ಲಾಭ ಹೆಚ್ಚು. ನಾಲ್ಕು ಕಡೆಗೂ ಸಮನಾಗಿದ್ದರೆ ಹಳೆಯ ಕೊಳವೆಯೇ ಸಾಕು.

ಯಂತ್ರ ನಿಂತ ಸ್ಥಳವೇ ನ್ಯಾಯದ ಸ್ಥಳವೆಂದು ಮಾತ್ರ ನಂಬಲಾಗದು. ದಂಡದ ಮೊತ್ತವನ್ನು ಕಡಿಮೆ ಮಾಡುವ ಹಟದಲ್ಲಿ ಅದು ಒಂದೇ ಗಾಡಿಯ ಒಂದೇ ನಿಲ್ದಾಣದಲ್ಲಿ ಕಣವನ್ನು ಬಹುಹೊತ್ತು ನಿಲ್ಲಿಸಿಬಿಡಬಹುದು. ಕಾಗದದ ಮೇಲೆ ಸೊಗಸು. ಸರಳು ಎರಡು ಮಿಲಿಮೀಟರ್ ಸರಿದರೆ ಯೋಜನೆಯೇ ಮುರಿದುಬೀಳುತ್ತದೆ. ದಿಕ್ಕಿಲ್ಲದ ಲಾಟೀನು ತುಸು ತಿರುಗಿದರೆ ಏನೂ ಕೆಡುವುದಿಲ್ಲ. ಮರೆಯುಳ್ಳ ಲಾಟೀನು ತಿರುಗಿದರೆ ಬೆಳಕು ಕೂಸಿನ ಮುಖಕ್ಕೇ ಬಿದ್ದೀತು. ಸರಳು ಯಾವ ಕೋನದಲ್ಲಿ ಕುಳಿತಿದೆ ಎಂಬುದನ್ನು ಚಿತ್ರದಲ್ಲಿ ಖಚಿತವಾಗಿ ಗುರುತಿಸಬೇಕು. ಚಿತ್ರ ತೆಗೆದ ಗಳಿಗೆಯಿಂದ ಕಣ ಹೊರಡುವ ಗಳಿಗೆಯವರೆಗೆ ಅದು ಹಾಗೆಯೇ ಇರಬೇಕು. ಇನ್ನೊಂದು ತೊಡಕು ಲೆಕ್ಕದ್ದೇ. ಆಸ್ಪತ್ರೆಗಳಲ್ಲಿ ರೂಢಿಯಲ್ಲಿರುವ ಸೂತ್ರ ದೇಹವನ್ನೆಲ್ಲ ನೀರೆಂದೇ ಎಣಿಸುತ್ತದೆ. ಲೋಹದ ನೆರಳು ಆ ಸೂತ್ರಕ್ಕೆ ತಿಳಿಯದು. ಅದನ್ನು ಕಾಣಬಲ್ಲ ಹೊಸ ಗಣನಾಕ್ರಮ ಬೇಕು. ಆರು ಮಿಲಿಮೀಟರ್ ದಪ್ಪದ ಸರಳಿಗೆ ಗರ್ಭಕಂಠದ ದಾರಿಯನ್ನು ಹೆಚ್ಚು ಹಿಗ್ಗಿಸಬೇಕಾಗುತ್ತದೆ. ಮರೆ ಹಿಡಿದುದರಿಂದ ಬೆಳಕಿನ ಒಂದು ಪಾಲು ವ್ಯರ್ಥವಾಗಿ ಸಮಯವೂ ಹೆಚ್ಚುತ್ತದೆ. ಇವುಗಳಲ್ಲಿ ಯಾವುದೂ ಪರಿಹಾರವಿಲ್ಲದ್ದಲ್ಲ. ಆದರೆ ಘಾಟಿಯ ಕೆಳಗಿನ ಆಸ್ಪತ್ರೆಗೆ ನಾಳೆ ಹೋಗುವವಳು ಇದಕ್ಕಾಗಿ ಕಾದು ಕುಳಿತುಕೊಳ್ಳಬಾರದು.

ಏಕೆಂದರೆ ಕಾಲವೂ ಈ ಚಿಕಿತ್ಸೆಯ ಒಂದು ಅಂಗವೇ. ಹೊರಗಿನ ಮೊದಲ ದಿನದಿಂದ ಒಳಗಿನ ಕೊನೆಯ ದಿನದವರೆಗೆ ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕೆಂಬುದು ನಿಯಮ. ನಡುವೆ ಬಿಡುವು ಸಿಕ್ಕಿದರೆ ಅರೆಜೀವದ ಗಂತಿ ಚೇತರಿಸಿಕೊಳ್ಳುತ್ತದೆ. ಕೊಯ್ಲು ಮುಗಿಸಿ ಬರುತ್ತೇವೆಂದು ಊರಿಗೆ ಹೋದ ಎರಡು ತಿಂಗಳನ್ನು ಟಂಗ್‌ಸ್ಟನ್ನಿನ ಯಾವ ಸರಳೂ ತುಂಬಿಕೊಡಲಾರದು. ಹೊರಯಂತ್ರವಿದ್ದೂ ಒಳವಿಕಿರಣದ ಅನುಕೂಲವಿಲ್ಲದ ಆಸ್ಪತ್ರೆಗಳು ನಮ್ಮ ದೇಶದಲ್ಲಿವೆ. ಅಲ್ಲಿ ಮೊದಲರ್ಧ ಪಡೆದವಳನ್ನು ಎರಡನೆಯರ್ಧಕ್ಕೆ ಬೇರೆಡೆಗೆ ಕಳುಹಿಸುತ್ತಾರೆ, ಆ ದಾರಿಯಲ್ಲಿ ಎಷ್ಟೋ ಮಂದಿ ಕಳೆದುಹೋಗುತ್ತಾರೆ. ಚಿಕಿತ್ಸೆ ಆರಂಭಿಸುವ ಮೊದಲೇ "ಒಳಗಿನದು ಎಲ್ಲಿ, ಯಾವ ತಾರೀಖು?" ಎಂದು ಕೇಳಿ ಬರೆಸಿಕೊಳ್ಳುವುದು ಮನೆಯವರ ಕೆಲಸ. ವೆಚ್ಚಕ್ಕೆ ೨೦೧೮ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು. ಬಸ್ಸಿನ ವೆಚ್ಚ, ಜೊತೆಗೆ ಬಂದವರ ಊಟ, ವಸತಿಗಳ ಹೊರೆ ಬೇರೆ. ಮನೆಗಳನ್ನು ಸೋಲಿಸುವುದು ಹಲವು ವೇಳೆ ಅದೇ.

ನಮ್ಮ ಗೃಹಿಣಿಯ ಯಜಮಾನರು ಕೊಯ್ಲನ್ನು ತಮ್ಮನಿಗೆ ವಹಿಸಿ ಉಳಿದುಕೊಂಡರೆಂದು ಇಟ್ಟುಕೊಳ್ಳೋಣ. ಎಡಗಡೆಗೆ ಮೂರು ಸೂಜಿ ಸೇರಿಸಿ ಯೋಜನೆ ಬರೆದುದಾಯಿತು. ಕಣ ತಿಜೋರಿಯಿಂದ ಹೊರಟು, ಪಟ್ಟಿಯಲ್ಲಿದ್ದಂತೆ ನಿಂತು ನಿಂತು, ಹಿಂದಿರುಗಿತು. ಆ ಕೋಣೆಯಲ್ಲಿ ಆಕೆ ಒಬ್ಬಳೇ ಇದ್ದುದು ೯ ನಿಮಿಷ. ಕ್ಯಾಮರಾದಲ್ಲಿ ಆಕೆಯನ್ನು ನೋಡುತ್ತ ಹೊರಗಿನವರು ಧ್ವನಿವರ್ಧಕದಲ್ಲಿ ಮಾತನಾಡಿಸುತ್ತಿದ್ದರು. ಕಣ ತಿಜೋರಿಗೆ ಮರಳಿದ ಮೇಲೆ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮೊಮ್ಮಗುವನ್ನು ಅಂದೇ ಎತ್ತಿಕೊಳ್ಳಬಹುದು. ಇದನ್ನು ಎರಡು ಸಲ ಹೇಳಿದರೂ ಆಕೆ ಮೂರನೆಯ ಸಲ ಕೇಳಿದಳು.

ಇರಿಡಿಯಂ ೭೪ ದಿನಗಳಿಗೊಮ್ಮೆ ತನ್ನ ಅರ್ಧ ಬಲವನ್ನು ಕಳೆದುಕೊಳ್ಳುವ ವಸ್ತು. ಎರಡು ವಾರ ಕಳೆದು ಕೊನೆಯ ಸರದಿ ಬಂದಾಗ ಅದೇ ಪ್ರಮಾಣಕ್ಕೆ ೧೦ ನಿಮಿಷಕ್ಕೂ ತುಸು ಹೆಚ್ಚು ಬೇಕಾಯಿತು. ಮನೆಗೆ ಹೊರಡುವ ಮುನ್ನ ದಾದಿಯೊಬ್ಬಳು ಆಕೆಯನ್ನು ಪಕ್ಕಕ್ಕೆ ಕರೆದು, ವಿಕಿರಣದಿಂದ ಯೋನಿಮಾರ್ಗ ಕಿರಿದಾಗುವುದುಂಟೆಂದೂ ಅದನ್ನು ತಡೆಯಲು ಮನೆಯಲ್ಲಿ ಮಾಡಿಕೊಳ್ಳಬೇಕಾದುದೇನೆಂದೂ ತಿಳಿಸಿದಳು. ಮೂರು ತಿಂಗಳಿಗೆ ಮೊದಲ ತಪಾಸಣೆ, ಬಳಿಕ ಎರಡು ವರ್ಷ ಕೆಲ ತಿಂಗಳಿಗೊಮ್ಮೆ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಯಜಮಾನರು ಚೀಟಿಯನ್ನು ಮಡಿಸಿ ಬಸ್ಸಿನ ಟಿಕೆಟ್ಟುಗಳ ಜೊತೆಗೆ ಜೇಬಿನಲ್ಲಿಟ್ಟುಕೊಂಡರು.